ಹಳೇ ಬಸ್ಸಿನ ಡ್ರೈವರ್ ಸೀಟು

ನಮ್ಮ ಮನೆಯವರು ತೀರಿಕೊಂಡ ಏಳನೇ ತಿಂಗಳಿಗೆ ಬಸ್ಸಿನ ಮಾಲೀಕರು ದುರ್ಗಿಗುಡಿಯ ನನ್ನ ಅಂಗಡಿಗೆ ಬಂದರು. ಅಂಗಡಿ ಅಂದರೆ ಹತ್ತಡಿ ಅಗಲದ ಒಂದು ಮಳಿಗೆ, ಎರಡು ಹೊಲಿಗೆ ಮಷೀನು, ಗೋಡೆಗೆ ಒರಗಿಸಿಟ್ಟ ರೆಕ್ಸಿನ್ ಸುರುಳಿಗಳು. ಸ್ಕೂಟರಿನಿಂದ ಹಿಡಿದು ಲಾರಿಯವರೆಗೆ ಸೀಟು ಹೊಲಿಯುವುದು ನನ್ನ ಕಸುಬು. ಮೂವತ್ತು ವರ್ಷದ ಮೇಲಾಯಿತು. ಹೆಂಗಸು ಲಾರಿ ಸೀಟು ಹೊಲಿಯುತ್ತಾಳೆ ಅಂತ ಮೊದಮೊದಲು ಜನ ಬಂದು ನೋಡಿಕೊಂಡು ನಕ್ಕು ಹೋಗುತ್ತಿದ್ದರು. ಆಮೇಲೆ ಅವರೇ ಗಾಡಿ ತಂದು ನಿಲ್ಲಿಸಿಕೊಂಡು ಕಾಯುತ್ತಿದ್ದರು.

ಮಾಲೀಕರು ಎಂದೆನಲ್ಲ, ಅವರು ನಿಜವಾಗಿ ಮಾಲೀಕರ ಮೊಮ್ಮಗ. ಅವರ ಅಜ್ಜನ ಕಾಲದಲ್ಲಿ ಆ ಮನೆಯಲ್ಲಿ ಮೂರು ಬಸ್ಸುಗಳಿದ್ದವು. ಒಂದನ್ನು ನಮ್ಮ ಮನೆಯವರು ಹದಿನೆಂಟು ವರ್ಷ ಓಡಿಸಿದರು. ಶಿವಮೊಗ್ಗದಿಂದ ಭದ್ರಾವತಿ, ಅಲ್ಲಿಂದ ಹೊಳೆಹೊನ್ನೂರು, ಮತ್ತೆ ಅದೇ ದಾರಿಯಲ್ಲಿ ವಾಪಸು. ಅಜ್ಜ ಹೋದ ಮೇಲೆ ಎರಡು ಬಸ್ಸು ಗುಜರಿಗೆ ಹೋದವು. ಇದೊಂದು ಹೊಳೆಹೊನ್ನೂರಿನ ಅಕ್ಕಿ ಗಿರಣಿಯ ಹಿಂದೆ ಮುಳ್ಳುಗಿಡದ ನಡುವೆ ನಿಂತಿತ್ತು. ಮೊಮ್ಮಗ ಈಗ ಕಲ್ಯಾಣ ಮಂಟಪ ಕಟ್ಟಿಸಿದ್ದಾರೆ. ಬಸ್ಸನ್ನು ರಿಪೇರಿ ಮಾಡಿಸಿ ಮಂಟಪದ ಮುಂದೆ ನಿಲ್ಲಿಸಬೇಕು, ಕೇಳಿದವರಿಗೆ ದಿಬ್ಬಣಕ್ಕೆ ಕೊಡಬೇಕು ಅಂತ ಅವರ ಆಸೆ. ಕ್ರೇನಿನಲ್ಲಿ ಎತ್ತಿಸಿ ಭದ್ರಾವತಿಯ ಕಾಗದನಗರದ ಹತ್ತಿರ ಒಂದು ಬಾಡಿ ಕಟ್ಟುವ ಶೆಡ್ಡಿಗೆ ತಂದಿಟ್ಟಿದ್ದರು.

"ಅಮ್ಮಾ, ಸೀಟು ನೀವೇ ಮಾಡ್ಬೇಕು. ಬೇರೆ ಯಾರ್ಗೂ ಕೊಡಲ್ಲ ನಾನು" ಎಂದರು. ಮೊಬೈಲು ತೆಗೆದು ಒಂದು ಫೋಟೋ ತೋರಿಸಿದರು. ಬಸ್ಸು ಮೊದಲ ಸಲ ಮನೆ ಮುಂದೆ ಬಂದು ನಿಂತ ದಿನದ್ದು. ಎರಡೂ ಕಡೆ ಬಾಳೆಕಂದು, ಮುಂದಿನ ಗಾಜಿಗೆ ಹಾರ, ಪಕ್ಕದಲ್ಲಿ ಪೇಟ ಸುತ್ತಿಕೊಂಡ ಅಜ್ಜ, ತೆರೆದ ಬಾಗಿಲಿನೊಳಗೆ ಡ್ರೈವರ್ ಸೀಟೂ ಅದರ ಪಕ್ಕದ ಬಾನೆಟ್ಟೂ. "ಎಲ್ಲಾ ಹೀಗೇ ಇರ್ಬೇಕು. ಅದ್ರಲ್ಲೂ ಡ್ರೈವರ್ ಸೀಟು. ಕಂಪನಿ ಹ್ಯಾಗ್ ಕೊಟ್ಟಿತ್ತೋ ಹಾಗೆ. ನಮ್ಮ ಡ್ರೈವರಣ್ಣ ಕೂತಿದ್ದ ಸೀಟು ಅದು."

ಇಷ್ಟು ಹೇಳಿ ನನ್ನ ಮುಖ ನೋಡುತ್ತ ನಿಂತರು. ನಾನು ಅಳುತ್ತೇನೆ ಅಂದುಕೊಂಡಿದ್ದರೋ ಏನೋ. ಏಳು ತಿಂಗಳಿಂದ ಎಲ್ಲರೂ ಹೀಗೇ ನನ್ನ ಮುಖ ನೋಡುತ್ತಿದ್ದರು. "ಒಟ್ಟು ಎಷ್ಟು ಸೀಟು?" ಎಂದು ಕೇಳಿದೆ.

ಆಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಓದಿ ಇವಳೆಂಥ ಹೆಂಗಸು ಅಂದುಕೊಳ್ಳುತ್ತೀರಿ. ಹಲ್ಲು ಕೀಳುವುದಕ್ಕೆ ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿಕೊಂಡರೆ ಮುಟ್ಟಿದ್ದು ಗೊತ್ತಾಗುತ್ತದೆ, ಆದರೆ ಕೆನ್ನೆ ನಮ್ಮದು ಅನ್ನಿಸುವುದಿಲ್ಲ. ಹಾಗಿದ್ದೆ. ಹಸಿವಾಗುತ್ತಿತ್ತು, ಉಣ್ಣುತ್ತಿದ್ದೆ. ನಿದ್ದೆ ಬರುತ್ತಿತ್ತು, ಮಲಗುತ್ತಿದ್ದೆ. ಭದ್ರಾವತಿಗೆ ಮದುವೆಯಾಗಿ ಹೋಗಿರುವ ಮಗಳು ದಿನಾ ಸಂಜೆ ಫೋನು ಮಾಡಿ "ಅಮ್ಮಾ, ಒಂದ್ಸಲ ಅತ್ತುಬಿಡು" ಎನ್ನುತ್ತಿದ್ದಳು, ಒಂದ್ಸಲ ಮಾತ್ರೆ ತಗೊಂಡುಬಿಡು ಅಂದ ಹಾಗೆ. "ಅಳು ಬಂದ್ರೆ ಅಳ್ತೀನಿ ಕಣೆ, ಬರ್ದೇ ಇದ್ರೆ ಎಲ್ಲಿಂದ ತರ್ಲಿ?" ಎಂದು ಬೈದು ಫೋನಿಡುತ್ತಿದ್ದೆ.

ಕೆಲಸ ಒಪ್ಪಿಕೊಂಡೆ. ಆಯುಧಪೂಜೆಗೆ ಬಸ್ಸಿಗೆ ಪೂಜೆಯಾಗಬೇಕು ಎಂದರು ಮಾಲೀಕರು. ಎರಡೂವರೆ ತಿಂಗಳಿತ್ತು.

ಶೆಡ್ಡಿನಲ್ಲಿ ಬಸ್ಸನ್ನು ನೋಡಿದಾಗಲೂ ನನಗೇನೂ ಆಗಲಿಲ್ಲ. ಚಕ್ರ ಬಿಚ್ಚಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು. ಪಕ್ಕದ ತಗಡು ಕಿತ್ತು ಹಾಕಿದ್ದರಿಂದ ಒಳಗಿನ ಮರದ ಚೌಕಟ್ಟು ಕಾಣುತ್ತಿತ್ತು. ಇಂಜಿನ್ನಿನ ಪಕ್ಕ ಕೈಯೆಲ್ಲ ಗ್ರೀಸು ಮಾಡಿಕೊಂಡು ಕೂತಿದ್ದವನು ನನ್ನನ್ನು ಕಂಡು ಎದ್ದು ನಿಂತ. ಇದೇ ಬಸ್ಸಿನಲ್ಲಿ ನಮ್ಮ ಮನೆಯವರ ಕೈಕೆಳಗೆ ಕ್ಲೀನರಾಗಿದ್ದವನು ಅವನು. ಈಗ ಅವನಿಗೂ ಐವತ್ತು ದಾಟಿದೆ, ಭದ್ರಾವತಿಯಲ್ಲಿ ಸ್ವಂತ ಗ್ಯಾರೇಜಿದೆ, ತಲೆಯಲ್ಲಿ ಕೂದಲಿಲ್ಲ, ಹೊಟ್ಟೆ ಮುಂದೆ ಬಂದಿದೆ. ಇಂಜಿನ್ ಕೆಲಸ ಇವನದೇ. ಬಸ್ಸು ತಯಾರಾದ ಮೇಲೆ ಓಡಿಸುವವನೂ ಇವನೇ ಅಂತ ತೀರ್ಮಾನವಾಗಿತ್ತು.

"ಬನ್ನಿ ಅಕ್ಕ. ಸೀಟೆಲ್ಲಾ ಆ ಮೂಲೇಲಿ ಪೇರ್ಸಿದೀನಿ. ಇಲಿ ತಿಂದಿದ್ದು ತಿಂದು ಉಳಿದಿದ್ದಷ್ಟೇ" ಎಂದ. ನಮ್ಮ ಮನೆಯವರ ಮಾತು ಎತ್ತಲಿಲ್ಲ. ಅದಕ್ಕೇ ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ದಿನಾ ಬೆಳಿಗ್ಗೆ ಶಿವಮೊಗ್ಗದಿಂದ ಬಸ್ಸು ಹತ್ತಿ ಹೋಗುವುದು, ಮಧ್ಯಾಹ್ನ ಮಗಳ ಮನೆಯಲ್ಲಿ ಊಟ, ಸಂಜೆ ವಾಪಸು. ಮೊದಲ ವಾರ ಪೂರ್ತಿ ಹಳೇ ಕವರು ಕೀಳುವುದರಲ್ಲೇ ಹೋಯಿತು. ನಮ್ಮ ಕಸುಬಿನಲ್ಲಿ ಹಳೇ ಕವರು ಕೀಳುವ ರೂಢಿಯಿಲ್ಲ. ಹರಿದದ್ದರ ಮೇಲೇ ಹೊಸದನ್ನು ಎಳೆದು ಮೊಳೆ ಹೊಡೆದುಬಿಡುತ್ತೇವೆ. ಕೆಲಸವೂ ಬೇಗ, ಸೀಟೂ ಸ್ವಲ್ಪ ಮೆತ್ತಗಾಗುತ್ತದೆ. ಹಾಗಾಗಿ ಈ ಬಸ್ಸಿನ ಸೀಟುಗಳ ಮೇಲೆ ಐದೈದು ಪದರ ಇತ್ತು. ಮೇಲೆ ಕಪ್ಪು, ಅದರಡಿ ನೀಲಿ, ಆಮೇಲೆ ಚೌಕಳಿ, ಆಮೇಲೆ ಕಂದು. ಪದರಗಳ ನಡುವೆ ಕೂದಲ ಪಿನ್ನು, ಹರಿದ ಟಿಕೆಟ್ಟು, ಒಣಗಿದ ಅಡಿಕೆ ಹೋಳು, ಒಂದು ಮಗುವಿನ ಬೆಳ್ಳಿ ಗೆಜ್ಜೆಯ ಗುಂಡು ಸಿಕ್ಕಿದವು. ತಳದಲ್ಲಿ ಹಸಿರು ರೆಕ್ಸಿನ್ನು.

ಹಸಿರು ಕಂಡ ದಿನ ಮಾಲೀಕರು ಕುಣಿದಾಡುವುದೊಂದು ಬಾಕಿ. "ಇದೇ ಅಮ್ಮಾ, ಇದೇ ಒರಿಜಿನಲ್!" ಎಂದು ಅಂಗೈ ಅಗಲದ ತುಂಡು ಕತ್ತರಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋದರು. ಎಲ್ಲೆಲ್ಲೋ ಹುಡುಕಿಸಿ ಅದೇ ಬಣ್ಣ, ಅದೇ ನೆರಿಗೆಯ ರೆಕ್ಸಿನ್ನು ತರಿಸಿದರು. ಬಿಳಿ ಅಂಚುಪಟ್ಟಿ ಎಷ್ಟು ದಪ್ಪ ಇತ್ತು ಎಂದು ಅಳೆದು ಅಷ್ಟೇ ದಪ್ಪದ್ದು ತರಿಸಿದರು. ಹೊಲಿಗೆ ಇಂಚಿಗೆ ಎಷ್ಟು ಎಂದು ಭೂತಗನ್ನಡಿ ಇಟ್ಟುಕೊಂಡು ಎಣಿಸಿದರು. ನಾನು ಇದುವರೆಗೆ ಎಷ್ಟೋ ಗಿರಾಕಿಗಳನ್ನು ಕಂಡಿದ್ದೇನೆ, ಹೊಲಿಗೆ ಎಣಿಸಿದವರು ಇವರೊಬ್ಬರೇ.

ತಲೆಹರಟೆ ಮನುಷ್ಯ ಅಲ್ಲ ಅವರು, ಹಾಗೆ ಹೇಳಿದರೆ ತಪ್ಪಾಗುತ್ತದೆ. ಮಾಡಿದ ಕೆಲಸ ಅಚ್ಚುಕಟ್ಟಾಗಿರಲಿ ಅನ್ನುವವರು ನನಗೆ ಇಷ್ಟವೇ. ಆದರೆ ಅವರಿಗೆ ಬೇಕಾದ ಬಸ್ಸನ್ನು ಶೆಡ್ಡಿನಲ್ಲಿದ್ದ ನಾವ್ಯಾರೂ ನೋಡಿರಲಿಲ್ಲ. ನಾವು ನೋಡಿದ್ದ ಬಸ್ಸಿನಲ್ಲಿ ಮೂರನೇ ಸಾಲಿನ ಸೀಟಿನ ಕಾಲು ಮುರಿದು ಸೊಟ್ಟಗೆ ವೆಲ್ಡಿಂಗ್ ಆಗಿತ್ತು. ಎಡಗಡೆಯ ಕೊನೇ ಕಿಟಕಿಯ ಪರದೆಯನ್ನು ಸೆಣಬಿನ ಹಗ್ಗದಲ್ಲಿ ಕಟ್ಟಿದ್ದರು. ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ಟಿನ ಮೇಲೆ ಗೋಣಿಚೀಲ ಹಾಸಿರುತ್ತಿದ್ದರು. ಚಳಿಗಾಲದಲ್ಲಿ ಬೆಚ್ಚಗಿರುತ್ತದೆ ಅಂತ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು ಅಲ್ಲೇ ಕೂರುತ್ತಿದ್ದರು. ನಾನೂ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ.

ಒಂದು ದಿನ ಆ ಬಾನೆಟ್ಟಿಗೆ ಬಣ್ಣ ಹೊಡೆಸಿ ಹೊಳಪು ಕೊಡಿಸುತ್ತಿದ್ದರು. "ಅಲ್ಲಿ ಗೋಣಿ ಹಾಕಿರ್ತಿದ್ರು" ಎಂದೆ.

"ಫೋಟೋದಲ್ಲಿ ಗೋಣಿ ಇಲ್ವಲ್ಲಮ್ಮ" ಎಂದರು ಮಾಲೀಕರು.

"ಫೋಟೋ ತೆಗೆದಿದ್ದು ಮೊದಲನೇ ದಿನ ಸಾಹುಕಾರ್ರೆ. ಅವತ್ತು ಅದ್ರಲ್ಲಿ ಯಾರೂ ಕೂತಿರ್ಲಿಲ್ಲ. ನಿಮ್ಗೆ ಯಾವ ದಿನದ ಬಸ್ ಬೇಕು?"

ಅವರು ಸ್ವಲ್ಪ ಯೋಚಿಸಿದರು. ಯೋಚಿಸಿಯೇ ಹೇಳಿದರು, "ಮೊದಲನೇ ದಿನದ್ದೇ. ಆಮೇಲಿನದೆಲ್ಲಾ ಹಾಳಾಗಿದ್ದು ತಾನೇ?"

ಕ್ಲೀನರಾಗಿದ್ದವನು ಬಸ್ಸಿನಡಿಯಿಂದ ಕಿಸಕ್ಕೆಂದು ನಕ್ಕ. "ನಾನೂ ಆಮೇಲಿನವ್ನೇ ಸಾರ್" ಎಂದ. ಮಾಲೀಕರೂ ನಕ್ಕರು. ಆದರೆ ಗೋಣಿ ಹಾಸಲಿಲ್ಲ, ಸೊಟ್ಟ ಕಾಲನ್ನು ನೆಟ್ಟಗೆ ಮಾಡಿಸಿದರು, ಕಿಟಕಿಗೆ ಹೊಸ ಪರದೆ ಬಂತು.

ಇದಕ್ಕೆಲ್ಲ ನಾನು ಜಗಳ ತೆಗೆಯಲಿಲ್ಲ. ಅವರ ಬಸ್ಸು, ಅವರ ಇಷ್ಟ. ಪ್ರಯಾಣಿಕರ ಸೀಟುಗಳನ್ನೆಲ್ಲ ಅವರು ಹೇಳಿದ ಹಾಗೇ ಮಾಡಿಕೊಟ್ಟೆ. ಅಷ್ಟು ನೇರ ಹೊಲಿಗೆ ನನ್ನ ಜನ್ಮದಲ್ಲಿ ಹೊಲಿದಿರಲಿಲ್ಲ. ಏನೂ ಅನ್ನಿಸದವಳ ಕೈ ನಡುಗುವುದಿಲ್ಲ, ಮನಸ್ಸು ಆ ಕಡೆ ಈ ಕಡೆ ಹೋಗುವುದಿಲ್ಲ. ಮೂವತ್ತು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ ಇರಬೇಕು.

ಡ್ರೈವರ್ ಸೀಟನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದೆ.

ಅದರ ಬಗ್ಗೆ ಸ್ವಲ್ಪ ಹೇಳಬೇಕು. ಕೆಳಗೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ತೆಂಗಿನ ನಾರು. ಬೆನ್ನಿಗೆ ಒಂದು ಹಲಗೆ. ಗೋಡೆಯ ಹಾಗೆ ನೆಟ್ಟಗೆ ನಿಂತ ಹಲಗೆ, ಅದರ ಮೇಲೆ ಎರಡು ಬೆರಳು ದಪ್ಪ ನಾರು, ಅಷ್ಟೆ. ಸೀಟು ಮಾಡುವವಳಾಗಿ ಹೇಳುತ್ತೇನೆ, ಮನುಷ್ಯರ ಬೆನ್ನು ಹೇಗಿರುತ್ತದೆ ಎಂದು ಒಂದು ಸಲವೂ ನೋಡದವನು ಮಾಡಿದ ಸೀಟು ಅದು. ಸೊಂಟಕ್ಕೆ ಆಸರೆ ಬೇಕಾದ ಕಡೆ ಖಾಲಿ, ಭುಜದ ಕಡೆ ಹಲಗೆ ನೂಕುತ್ತದೆ. ಅದರಲ್ಲಿ ಕೂತು, ಗುಂಡಿಬಿದ್ದ ಆ ರಸ್ತೆಯಲ್ಲಿ ದಿನಕ್ಕೆ ನಾಲ್ಕು ಟ್ರಿಪ್ಪು, ಹದಿನೆಂಟು ವರ್ಷ.

ಸಂಜೆ ಮನೆಗೆ ಬಂದವರು ಕಾಫಿ ಕೂಡ ಕುಡಿಯುತ್ತಿರಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಬೋರಲು ಮಲಗಿ "ಸ್ವಲ್ಪ ತುಳಿಯೇ ಮಾರಾಯ್ತಿ" ಎನ್ನುತ್ತಿದ್ದರು. ನಾನು ಗೋಡೆ ಹಿಡಿದುಕೊಂಡು ಅವರ ಬೆನ್ನ ಮೇಲೆ ನಿಂತು ಹಿಮ್ಮಡಿಯಿಂದ ಮೆಲ್ಲಗೆ ತುಳಿಯುತ್ತಿದ್ದೆ. ಸೊಂಟದ ಮೇಲೆ ಎಡಗಡೆ ಒಂದು ಗಂಟು, ಅಲ್ಲಿಗೆ ಕಾಲಿಟ್ಟರೆ ಉಸಿರು ಬಿಗಿಹಿಡಿಯುತ್ತಿದ್ದರು. ಅವರ ಬೆನ್ನಿನ ಏರು ತಗ್ಗೆಲ್ಲ ನನ್ನ ಅಂಗಾಲಿಗೆ ಗೊತ್ತು. ಗಂಡನ ಮೈಯನ್ನು ಕಾಲಲ್ಲಿ ತುಳಿಯುವುದೇ ಎಂದು ನಮ್ಮತ್ತೆ ಮೂಗು ಮುರಿದಿದ್ದರು, ಮಗನ ನರಳಾಟ ನೋಡಿದ ಮೇಲೆ ಸುಮ್ಮನಾದರು.

"ಊರಿಗೆಲ್ಲಾ ಸೀಟ್ ಹೊಲೀತೀಯ, ನಂಗೂ ಒಂದು ಮಾಡಿಕೊಡೇ" ಎಂದು ಅವರು ಕೇಳಿದ್ದರು. ಮಾಡಿಕೊಡಬೇಕಿತ್ತು. ಒಂದು ದಿನದ ಕೆಲಸ. ಆದರೆ ಸೀಟು ಬಿಚ್ಚಿ ಮನೆಗೆ ತರಬೇಕೆಂದರೆ ಬಸ್ಸು ನಿಲ್ಲಬೇಕು. ಬಸ್ಸು ವರ್ಷದಲ್ಲಿ ನಿಲ್ಲುತ್ತಿದ್ದದ್ದು ಆಯುಧಪೂಜೆಯ ಎರಡು ದಿನ ಮಾತ್ರ. ಆಯುಧಪೂಜೆ ಎಂದರೆ ಶಿವಮೊಗ್ಗದ ಆಟೋ, ಲಾರಿ, ಟ್ರ್ಯಾಕ್ಟರುಗಳಿಗೆಲ್ಲ ಹೊಸ ಕವರು ಬೇಕು. ನನಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿಲ್ಲದ ದಿನಗಳು ಅವು. "ಹಬ್ಬ ಮುಗೀಲಿ" ಎನ್ನುತ್ತಿದ್ದೆ. ಹಬ್ಬ ಮುಗಿಯುವ ಹೊತ್ತಿಗೆ ಬಸ್ಸು ಹೊರಟಿರುತ್ತಿತ್ತು. ಹೀಗೆ ಹದಿನೆಂಟು ಹಬ್ಬ. ಬೆನ್ನು ಪೂರ್ತಿ ಬಾಗಿದ ಮೇಲೆ ಅವರು ಡ್ರೈವರ್ ಕೆಲಸ ಬಿಟ್ಟರು. ಆಮೇಲೆ ಯಾವ ಕೆಲಸಕ್ಕೂ ಹೋಗಲಾಗಲಿಲ್ಲ, ನನ್ನ ಅಂಗಡಿಯಲ್ಲೇ ಮೂಲೆಯಲ್ಲಿ ಕೂತು ದಾರ ಪೋಣಿಸಿಕೊಡುತ್ತಿದ್ದರು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಸುಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮಣ್ಣು ಮಾಡುವುದೂ ಕೂತ ಭಂಗಿಯಲ್ಲೇ. ಅವರನ್ನೂ ನಡುಮನೆಯಲ್ಲಿ ಕೂರಿಸಲು ಹೋದರು. ಕೂರಲಿಲ್ಲ. ಬಾಗಿದ ಬೆನ್ನು ಗೋಡೆಗೆ ಹತ್ತುತ್ತಿರಲಿಲ್ಲ, ತಲೆ ಎದೆಯ ಮೇಲೆ ಬೀಳುತ್ತಿತ್ತು. ಮೈದುನ ಎಲ್ಲಿಂದಲೋ ಒಂದು ಹಲಗೆ ತಂದು ಬೆನ್ನಿಗೆ ಕೊಟ್ಟು, ಪಂಚೆಯಲ್ಲಿ ಬಿಗಿದು ಕಟ್ಟಿದರು.

ಆ ಹಲಗೆ ನೋಡಿದಾಗ ನನಗೆ ಬಂದ ಮೊದಲ ಯೋಚನೆ ಇದು: ಸೊಂಟದ ಹತ್ತಿರ ಖಾಲಿ ಇದೆ, ಅಲ್ಲಿ ಏನಾದರೂ ಕೊಡಬೇಕು. ಎದ್ದು ಹೋಗಿ ಮಷೀನಿನ ಕೆಳಗಿಂದ ಒಂದು ಸ್ಪಂಜಿನ ತುಂಡು ತಂದೆ. "ಇದನ್ನ ಬೆನ್ನಿನ ಹಿಂದೆ ಇಡಿ, ಆಗ ನೆಟ್ಟಗೆ ಕೂರ್ತಾರೆ" ಎಂದೆ. ನೆರೆದವರೆಲ್ಲ ನನ್ನನ್ನೇ ನೋಡಿದರು. ಮೈದುನ "ಅತ್ತಿಗೆ, ಈಗ ಅದೆಲ್ಲಾ ಯಾಕೆ? ಆ ಕಡೆ ಕೂತ್ಕೊಳ್ಳಿ" ಎಂದು ನನ್ನ ಕೈಯಿಂದ ಸ್ಪಂಜು ಕಸಿದುಕೊಂಡರು. ಯಾರೋ ನನ್ನ ರಟ್ಟೆ ಹಿಡಿದು ಕರೆದುಕೊಂಡು ಹೋಗಿ ಹೆಂಗಸರ ನಡುವೆ ಕೂರಿಸಿದರು. ಅವರನ್ನು ಎತ್ತಿಕೊಂಡು ಹೋಗುವವರೆಗೂ ಆ ಹಲಗೆಯನ್ನೇ ನೋಡುತ್ತಿದ್ದೆ. ನನಗೆ ಏನೂ ಅನ್ನಿಸದೆ ಹೋಗಿದ್ದು ಅವತ್ತಿನಿಂದ.

ಈಗ ಮಾಲೀಕರು ಫೋಟೋ ತೋರಿಸಿ, ಆ ಡ್ರೈವರ್ ಸೀಟು ಮೊದಲಿದ್ದ ಹಾಗೇ ಇರಬೇಕು ಎನ್ನುತ್ತಿದ್ದರು. ಅದೇ ನೆಟ್ಟಗಿನ ಹಲಗೆ, ಅದೇ ಎರಡು ಬೆರಳು ನಾರು.

"ಈ ಸೀಟು ಚೆನ್ನಾಗಿಲ್ಲ. ಬೆನ್ನು ಮುರಿಯುತ್ತೆ. ಸ್ವಲ್ಪ ಬದಲಾಯಿಸ್ತೀನಿ" ಎಂದೆ.

"ಬೇಡಮ್ಮಾ. ದಿನಾ ಯಾರು ಕೂರ್ತಾರೆ ಅದ್ರಲ್ಲಿ? ಎಲ್ಲೋ ತಿಂಗಳಿಗೊಂದು ದಿಬ್ಬಣ. ನೋಡೋರ್ಗೆ ಹಳೇದು ಹಳೇ ತರಾನೇ ಕಾಣ್ಬೇಕು. ಒಂದು ಕಡೆ ಬಿಟ್ರೂ ಎಲ್ಲಾ ಕೆಟ್ಟ ಹಾಗೇ." ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಂಥ ಸೀಟಿಗೆ ಯಾವ ಡ್ರೈವರೂ ಇನ್ನು ಹದಿನೆಂಟು ವರ್ಷ ಬೆನ್ನು ಕೊಡಬೇಕಾಗಿರಲಿಲ್ಲ. ಆದರೂ ನನಗೆ ಸಿಟ್ಟು ಬಂತು. ಸಿಟ್ಟು ಬಂತು ಅನ್ನುವುದೇ ನನಗೆ ಆಶ್ಚರ್ಯವಾಯಿತು.

"ಆಯ್ತು, ಫೋಟೋ ತರಾನೇ ಕಾಣುತ್ತೆ" ಎಂದೆ.

ಫೋಟೋ ತರ ಕಾಣಿಸುವುದು ನನಗೆ ಕಷ್ಟದ ಕೆಲಸವಲ್ಲ. ಶೆಡ್ಡಿನ ಬಡಗಿಗೆ ಹೇಳಿ ಹಲಗೆಯನ್ನು ಒಳಗಿನಿಂದ ಕೆತ್ತಿಸಿದೆ, ಭುಜದ ಕಡೆ ತಗ್ಗು ಬರುವ ಹಾಗೆ. ಸೊಂಟಕ್ಕೆ ಗಟ್ಟಿ ಸ್ಪಂಜು ಕೊಯ್ದು, ಚೂರು ಚೂರೇ ಸವರಿ, ಮುಟ್ಟಿ ನೋಡಿ, ಮತ್ತೆ ಸವರಿ ಅಂಟಿಸಿದೆ. ಎಡಗಡೆ ಸ್ವಲ್ಪ ಮೆತ್ತಗೆ ಬಿಟ್ಟೆ. ಅದರ ಮೇಲೆ ಹಳೇ ಲೆಕ್ಕದಂತೆ ನಾರು ಹಾಸಿ, ಹಸಿರು ರೆಕ್ಸಿನ್ನು ಎಳೆದು, ಬಿಳಿ ಅಂಚು ಕೊಟ್ಟು ಮುಗಿಸಿದೆ. ಮೂರು ದಿನ ಹಿಡಿಯಿತು. ಆ ಮೂರು ದಿನ ನಾನು ಮಧ್ಯಾಹ್ನದ ಊಟಕ್ಕೂ ಹೋಗಲಿಲ್ಲ, ಮಗಳೇ ಡಬ್ಬಿ ತಂದುಕೊಟ್ಟಳು. ಪಕ್ಕದಲ್ಲಿ ನಿಂತು ನೋಡಿ ಹೋದಳು.

ಮಾಲೀಕರು ಬಂದರು, ಫೋಟೋ ಪಕ್ಕದಲ್ಲಿ ಹಿಡಿದು ನೋಡಿದರು, ಟೇಪು ಹಿಡಿದು ಹೊರಗಿನ ಅಳತೆ ನೋಡಿದರು. "ಪರ್ಫೆಕ್ಟ್ ಅಮ್ಮಾ" ಎಂದರು. ನಾನು "ಹೌದು" ಎಂದೆ. ಕಂಡೂ ಕಾಣದ ಹಾಗೆ ಒಂದು ಕೆಲಸ ಮಾಡಿ ಮುಗಿಸಿದ ಗರ್ವ ನನಗೂ ಇತ್ತು. ಕೊನೆಗೂ ಮಾಡಿಕೊಟ್ಟೆ ಅನ್ನಿಸಿತು. ಯಾರಿಗೆ ಮಾಡಿಕೊಟ್ಟೆ ಎಂದು ಕೇಳಿಕೊಳ್ಳಲಿಲ್ಲ.

ಪೂಜೆಗೆ ಎರಡು ದಿನ ಇರುವಾಗ ಬಸ್ಸನ್ನು ಮೊದಲ ಸಲ ರಸ್ತೆಗಿಳಿಸಿದರು. ಕ್ಲೀನರಾಗಿದ್ದವನು ಚಪ್ಪಲಿ ಕೆಳಗೇ ಬಿಟ್ಟು ಹತ್ತಿ, ಸ್ಟೇರಿಂಗಿಗೆ ಕೈ ಮುಗಿದು, ಡ್ರೈವರ್ ಸೀಟಿನಲ್ಲಿ ಕೂತ. ಮಾಲೀಕರು ಬಾಗಿಲಿನ ಹತ್ತಿರ ನಿಂತರು. ನಾನು ಎಡಗಡೆ ಮೊದಲ ಸೀಟಿನಲ್ಲಿ ಕೂತೆ. ಕಾಗದನಗರದ ಕ್ವಾರ್ಟರ್ಸುಗಳ ಸಾಲು ದಾಟಿ ದೊಡ್ಡ ರಸ್ತೆಗೆ ಬಂದೆವು. ಇಂಜಿನ್ನಿನ ಸದ್ದು ಕೇಳಿ ಒಬ್ಬ ಅಜ್ಜ ಗೇಟಿನ ಹತ್ತಿರ ಬಂದು ನಿಂತ. ಮಾಲೀಕರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಖುಷಿಯಿಂದ ಏನೇನೋ ಹೇಳುತ್ತಿದ್ದರು.

ನಾನು ಡ್ರೈವರನ್ನು ನೋಡುತ್ತಿದ್ದೆ. ಸೀಟು ಮಾಡುವವರಿಗೆ ಇದೊಂದು ಚಾಳಿ, ಎಲ್ಲಿ ಹೋದರೂ ಜನ ಹೇಗೆ ಕೂತಿದ್ದಾರೆ ಎಂದೇ ನೋಡುತ್ತೇವೆ. ಅವನು ಒರಗಿ ಕೂತಿರಲಿಲ್ಲ. ಸೀಟಿನ ಅಂಚಿಗೆ ಬಂದು, ಬೆನ್ನನ್ನು ಮುಂದಕ್ಕೆ ಮಾಡಿಕೊಂಡು, ಸ್ಟೇರಿಂಗ್ ತಬ್ಬಿಕೊಂಡ ಹಾಗೆ ಕೂತು ಓಡಿಸುತ್ತಿದ್ದ. ಸೇತುವೆಯ ಹತ್ತಿರ ಒಮ್ಮೆ ಹಿಂದಕ್ಕೆ ಒರಗಿದ, ತಕ್ಷಣ ಮತ್ತೆ ಮುಂದೆ ಬಂದ.

ಶೆಡ್ಡಿಗೆ ವಾಪಸು ಬಂದು ಇಂಜಿನ್ ನಿಲ್ಲಿಸಿದ ಮೇಲೆ ಕೇಳಿದೆ, "ಸೀಟ್ ಹ್ಯಾಗಿದೆ?"

"ಬಾಳ ಚೆನ್ನಾಗಿದೆ ಅಕ್ಕ."

"ಸುಳ್ಳು ಹೇಳ್ಬೇಡ ಮಾರಾಯ. ನೀನು ಒರಗಿ ಕೂರ್ಲೇ ಇಲ್ಲ."

ಅವನು ಸ್ಟೇರಿಂಗಿನ ಮೇಲಿದ್ದ ಕೈ ತೆಗೆದು ಬಟ್ಟೆಗೆ ಒರೆಸಿಕೊಂಡ. ಮಾಲೀಕರ ಕಡೆ ಒಮ್ಮೆ ನೋಡಿದ, ನನ್ನ ಕಡೆ ನೋಡಲಿಲ್ಲ. "ಸೀಟು ಚೆನ್ನಾಗೇ ಇದೆ ಅಕ್ಕ. ನಂಗಲ್ಲ ಅಷ್ಟೆ. ನಾನು ಕುಳ್ಳ. ಸೊಂಟಕ್ಕೆ ಬರೋದು ಬೆನ್ನಿನ ಮಧ್ಯ ಒತ್ತುತ್ತೆ. ಅಣ್ಣಂಗೆ ಸರಿಯಾಗಿ ಆಗುತ್ತೆ ಇದು."

ಹೊಸದಾಗಿ ಬಂದ ಕೆಲಸದವರಿಗೆ ಮೊದಲು ನಾನು ಹೇಳಿಕೊಡುವುದು ಒಂದೇ ಮಾತು, ಡ್ರೈವರನ್ನು ಕೂರಿಸಿ ನೋಡದೆ ಡ್ರೈವರ್ ಸೀಟಿಗೆ ಕತ್ತರಿ ಹಾಕಬಾರದು. ಮೂವತ್ತು ವರ್ಷದಲ್ಲಿ ನಾನು ಒಮ್ಮೆಯೂ ಹಾಗೆ ಮಾಡಿರಲಿಲ್ಲ. ಈ ಮನುಷ್ಯ ಎರಡೂವರೆ ತಿಂಗಳಿಂದ ಹತ್ತಡಿ ದೂರದಲ್ಲೇ ಕೂತು ಕೆಲಸ ಮಾಡುತ್ತಿದ್ದ. ಬಾ, ಒಂದು ಸಲ ಕೂತುಕೊಂಡು ತೋರಿಸು ಎಂದು ಕರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅಂಗಾಲಿನ ನೆನಪಿನಿಂದ ಕೊಯ್ದಿದ್ದೆ. ಅದೂ ಕೊನೆಗಾಲದ ಬಾಗಿದ ಬೆನ್ನಿಗಲ್ಲ, ನಲವತ್ತು ವರ್ಷದ ಗಟ್ಟಿ ಮನುಷ್ಯನ ಬೆನ್ನಿಗೆ. ಮಾಲೀಕರಿಗೆ ಮೊದಲನೇ ದಿನದ ಬಸ್ಸು ಬೇಕಾಗಿದ್ದರೆ ನನಗೂ ಅಂಥದೇ ಒಂದು ದಿನದ ಗಂಡ ಬೇಕಾಗಿದ್ದ.

"ಇರ್ಲಿ ಬಿಡಿ ಅಕ್ಕ" ಎಂದ ಅವನು. "ನಾನು ಹೊಂದ್ಕೋತೀನಿ."

ನಮ್ಮ ಮನೆಯವರೂ ಹದಿನೆಂಟು ಹಬ್ಬವೂ ಇದನ್ನೇ ಹೇಳಿದ್ದರು. ನಾನು ಹಬ್ಬ ಮುಗೀಲಿ ಎಂದಾಗಲೆಲ್ಲ, ಇರ್ಲಿ ಬಿಡು, ಹೊಂದ್ಕೋತೀನಿ ಎನ್ನುತ್ತಿದ್ದರು. ಒಂದು ಸಲವಾದರೂ ಜಗಳ ಆಡಿದ್ದರೆ ನಾನು ಮಾಡಿಕೊಡುತ್ತಿದ್ದೆನೇನೋ. ಆಡಲಿಲ್ಲ.

"ಹೊಂದ್ಕೋಬೇಡ" ಎಂದೆ. ಜೋರಾಗಿಯೇ ಬಂತು ಮಾತು. ಶೆಡ್ಡಿನಲ್ಲಿ ಬಣ್ಣ ಹೊಡೆಯುತ್ತಿದ್ದವರು ತಿರುಗಿ ನೋಡಿದರು. "ನೋಯುತ್ತೆ ಅಂತ ಹೇಳೋಕೇನು ನಿಮ್ಗೆಲ್ಲ? ಹೊಂದ್ಕೊಂಡು ಹೊಂದ್ಕೊಂಡು ಏನ್ ಸಾಧಿಸ್ತೀರಿ? ಇಳಿ ಕೆಳಗೆ."

ಅವನು ಇಳಿದ. ನಾನು ಉಳಿ ತೆಗೆದುಕೊಂಡು ಸೀಟಿನ ಹಿಂದಿನ ಮೊಳೆಗಳನ್ನು ಎಬ್ಬಿಸತೊಡಗಿದೆ. ಮಾಲೀಕರು ಓಡಿ ಬಂದರು. "ಅಮ್ಮಾ, ಏನ್ ಮಾಡ್ತಿದೀರಾ? ಫೋಟೋ ತರಾನೇ ಬಂದಿತ್ತಲ್ಲಾ."

"ಫೋಟೋ ತರ ಇಲ್ಲ ಇದು. ಒಳಗೆ ಬೇರೆ ಮಾಡಿದೀನಿ. ನಿಮ್ಗೆ ಸುಳ್ಳು ಹೇಳ್ದೆ." ರೆಕ್ಸಿನ್ನು ಎಳೆದು, ನಾರು ಸರಿಸಿ, ಒಳಗಿನ ಕೆತ್ತಿದ ಹಲಗೆಯನ್ನೂ ಸ್ಪಂಜನ್ನೂ ತೋರಿಸಿದೆ. ಅವರು ಬಗ್ಗಿ ನೋಡಿದರು. ನಾನು ಏನು ಮಾಡಿದ್ದೇನೆ, ಯಾರಿಗೆ ಮಾಡಿದ್ದೇನೆ ಎಂದು ಅವರಿಗೆ ಅರ್ಥವಾಗಿರಬೇಕು. ಬೈಯಲಿಲ್ಲ. "ನಾಡಿದ್ದು ಪೂಜೆ ಇದೆಯಲ್ಲಮ್ಮಾ" ಎಂದರು, ಅಷ್ಟೆ.

"ಗೊತ್ತು. ಇವನ ಬೆನ್ನಿಗೆ ಮಾಡಿಕೊಡ್ತೀನಿ. ಬೇಡ ಅಂದ್ರೆ ಈಗ್ಲೇ ಹೇಳಿ, ಹಳೇ ತರಾನೇ ನೆಟ್ಟಗಿನ ಹಲಗೆ ಹಾಕಿ ಎದ್ದು ಹೋಗ್ತೀನಿ."

ಅವರು ಫೋಟೋ ಇದ್ದ ಮೊಬೈಲನ್ನು ಜೇಬಿಗೆ ಹಾಕಿಕೊಂಡರು. "ಮಾಡಿ" ಎಂದು ಹೊರಗೆ ಹೋದರು.

ಸ್ಪಂಜನ್ನು ಹಲಗೆಯಿಂದ ಕಿತ್ತೆ. ಗಟ್ಟಿಯಾಗಿ ಅಂಟಿಸಿದ್ದರಿಂದ ಒಂದೇ ತುಂಡಾಗಿ ಬರಲಿಲ್ಲ, ಚೂರು ಚೂರಾಗಿ ಬಂತು. ಕಸದ ಡಬ್ಬಕ್ಕೆ ಹಾಕಿದೆ. ಆಮೇಲೆ ಡ್ರೈವರನ್ನು ಕರೆದು ಬರೀ ಚೌಕಟ್ಟಿನ ಮೇಲೆ ಕೂರಿಸಿದೆ.

"ಸ್ಟೇರಿಂಗ್ ಹಿಡ್ಕೊ. ಕ್ಲಚ್ ಮೇಲೆ ಕಾಲಿಡು. ಯಾವಾಗ್ಲೂ ಹ್ಯಾಗ್ ಕೂರ್ತೀಯೋ ಹಾಗೇ ಕೂರು, ನನ್ನ ಮರ್ಯಾದೆಗೆ ಅಂತ ನೆಟ್ಟಗೆ ಕೂರ್ಬೇಡ."

ಹಿಂದಿನಿಂದ ಅವನ ಸೊಂಟದ ಮೇಲೆ ಅಂಗೈ ಇಟ್ಟೆ. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಮೈ ಬಿಸಿಯಾಗಿತ್ತು. ಅವನು ಉಸಿರು ಎಳೆದುಕೊಂಡಾಗ ನನ್ನ ಕೈ ಹಿಂದಕ್ಕೆ ಬಂತು, ಬಿಟ್ಟಾಗ ಮುಂದಕ್ಕೆ ಹೋಯಿತು. ನನಗೆ ಅಳು ಬಂತು. ಸದ್ದು ಮಾಡಿಕೊಂಡೇ ಅತ್ತೆ, ಮೂಗು ಸೆರಗಿಗೆ ಒರೆಸಿಕೊಂಡೆ, ಮತ್ತೆ ಅತ್ತೆ. ಮಾಡಿಕೊಡಬಹುದಾಗಿತ್ತು, ಮಾಡಿಕೊಡಲಿಲ್ಲ, ಇನ್ನು ಮಾಡಿಕೊಡಲು ಆಗುವುದಿಲ್ಲ. ಇದನ್ನೇ ಬಾಯಿಬಿಟ್ಟು ಹೇಳಿದೆನೋ ಏನೋ ನೆನಪಿಲ್ಲ.

ಅವನು ಹಿಂತಿರುಗಿ ನೋಡಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡು ಮುಂದಿನ ಗಾಜನ್ನೇ ನೋಡುತ್ತ, "ಅಕ್ಕಾ, ಅಲುಗಾಡಬಹುದಾ?" ಎಂದು ಕೇಳಿದ.

"ಬೇಡ. ಅಳತೆ ಆಗಿಲ್ಲ" ಎಂದೆ.

ಟೇಪು ಹಿಡಿದೆ. ಕೂತ ಜಾಗದಿಂದ ಸೊಂಟದ ತಗ್ಗಿಗೆ ಏಳು ಇಂಚು ಬಂತು. 'ಏಳು' ಎಂದು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದೆ. ನಮ್ಮ ಮನೆಯವರದು ಒಂಬತ್ತೂವರೆ ಇತ್ತು.